ಆಷಾಢದಲ್ಲಿ ಇಟ್ಕೊಳ್ಳಿ ನಿಮ್ ಬ್ಯಾಂಡ್ ನೈಟು

ಬ್ರೋ, ನಿಮ್ ಪ್ರಶ್ನೆ ನಿನ್ನೆನೇ ನೋಡ್ದೆ, ಮೊಬೈಲಲ್ಲಿ ಇಷ್ಟುದ್ದ ಟೈಪ್ ಮಾಡಕ್ಕೆ ಸೋಮಾರಿತನ ಆಗಿ ಇವತ್ತು ಬರೀತಿದೀನಿ. ತುಮಕೂರಲ್ಲಿ ಮೂರ್ ಬ್ಯಾಂಡ್ ಇದೀವಿ, ಒಂದು ತಮಟೆ ಜೊತೆ ಸಿಂತ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಇಟ್ಕೊಂಡಿರೋದು, ಒಂದು ತತ್ವಪದಕ್ಕೆ ಡಿಸ್ಟಾರ್ಷನ್ (ಗಿಟಾರ್ ಸೌಂಡನ್ನ ಒರಟು ಮಾಡೋ ಎಫೆಕ್ಟ್) ಹಾಕಿ ಹಾಡೋದು, ಇನ್ನೊಂದು ಹಾಡೇ ಇಲ್ದೆ ಬರೀ ಗಿಟಾರ್ ಗದ್ದಲ, ಯಾವ ಕೆಫೆಯವ್ರೂ ಕರೀತಿಲ್ಲ, ಕೈಲಿ 15 ಸಾವಿರ ಇದೆ, ನಾವೇ ಒಂದ್ ನೈಟ್ ಮಾಡ್ಬಹುದಾ, ಎಷ್ಟು ವ್ಯಾಟ್ಸ್ ಸ್ಪೀಕರ್ ಬೇಕು ಅಂತ ಕೇಳಿದೀರ. ಮಾಡ್ಬಹುದು. ನಾವು ಮೈಸೂರಲ್ಲಿ ಆರು ಸಲ ಮಾಡಿದೀವಿ, ಎರಡು ಸಲ ಚೆನ್ನಾಗಾಯ್ತು, ಮೂರು ಸಲ ಪರವಾಗಿಲ್ಲ, ಒಂದು ಸಲ ಮಾತ್ರ ನಾನೇ ಮಧ್ಯದಲ್ಲಿ ಎದ್ದು ಮನೆಗೆ ಹೋಗ್ಬಿಡೋಣ ಅನ್ನೋ ಹಂಗಾಗಿತ್ತು.

ಅದನ್ನೇ ಮೊದ್ಲು ಹೇಳ್ತೀನಿ. ಮೂರು ಬ್ಯಾಂಡು, ಮೂರೂ ಜನ ಡ್ರಮ್ಮರ್ ಅವರವರ ಕಿಟ್ ತಂದಿದ್ರು. ಮೊದಲ್ನೇ ಬ್ಯಾಂಡ್ ಮುಗಿದಾಗ ಒಳಗೆ 60 ಜನ ಇದ್ರು. ಅವ್ರ ಡ್ರಮ್ಸ್ ಇಳಿಸಿ, ಇನ್ನೊಬ್ರುದು ಮೆಟ್ಲು ಹತ್ತಿಸಿ, ಜೋಡ್ಸೋವಾಗ ಸಿಂಬಲ್ (ಡ್ರಮ್ಸ್ ಜೊತೆ ಹೊಡೆಯೋ ತಾಳದ ತಟ್ಟೆ) ಸ್ಟ್ಯಾಂಡಿನ ವಿಂಗ್ ನಟ್ಟು, ಅಂದ್ರೆ ಕೈಲೇ ತಿರುಗಿಸೋ ನಟ್ಟು, ಕೆಳಗೆ ಬಿದ್ದು, ನಾಲ್ಕು ಜನ ಮೊಬೈಲ್ ಟಾರ್ಚ್ ಹಾಕ್ಕೊಂಡು ಜಮಖಾನ ಎತ್ತಿ ಎತ್ತಿ ಹುಡುಕ್ತಾ, 45 ನಿಮಿಷ ಹೋಯ್ತು. ಟೀ ಕುಡ್ಕೊಂಡ್ ಬರ್ತೀವಿ ಅಂತ ಕೆಳಗಿಳಿದೋರು ಹಂಗೇ ಗಾಡಿ ಹತ್ತಿದ್ರು. ಎರಡನೇ ಬ್ಯಾಂಡ್ ಶುರುವಾದಾಗ ಉಳಿದಿದ್ದು 22 ಜನ, ಅದ್ರಲ್ಲಿ 9 ಜನ ಮೂರನೇ ಬ್ಯಾಂಡ್‌ನವ್ರು ಮತ್ತೆ ಅವ್ರ ತಮ್ಮಂದಿರು.

ಅವತ್ತಿಂದ ವ್ಯಾಟ್ಸ್ ಬಗ್ಗೆ ನಾನು ತಲೆನೇ ಕೆಡಿಸ್ಕೊಳಲ್ಲ, ಒಬ್ರು ಇಳಿದು ಇನ್ನೊಬ್ರು ಹತ್ತೋಕೆ 10 ನಿಮಿಷ, ಅಷ್ಟನ್ನ ಮಾತ್ರ ವಾಚ್ ನೋಡ್ಕೊಂಡು ಕಾಯ್ತೀನಿ. ಒಂದೇ ಡ್ರಮ್ ಕಿಟ್, ಎಲ್ರಿಗೂ ಅದೇ, ಸ್ನೇರ್ (ಮುಂದಿನ ಸಣ್ಣ ಡ್ರಮ್), ಸಿಂಬಲ್, ಕಾಲಲ್ಲಿ ಒತ್ತೋ ಕಿಕ್ ಪೆಡಲ್ ಮಾತ್ರ ಅವರವರದ್ದು ತರ್ಬೇಕು. ಗಿಟಾರ್ ಆಂಪ್ (ಆಂಪ್ಲಿಫೈಯರ್), ಬೇಸ್ ಆಂಪ್ ಇಟ್ಟಲ್ಲಿಂದ ಕದಲಲ್ಲ. ಗಿಟಾರ್ ಎಫೆಕ್ಟ್‌ಗಳ ಪೆಡಲ್ ಬೋರ್ಡನ್ನ ಸೈಡಲ್ಲೇ ಜೋಡ್ಸಿಟ್ಕೊಂಡಿದ್ದು, ಹತ್ತಿದ್ ಕೂಡ್ಲೇ ಪ್ಲಗ್ ಹಾಕಿ ಶುರು. ಸೌಂಡ್ ಚೆಕ್ ಉಲ್ಟಾ ಮಾಡಿ, ಕೊನೇಲಿ ನುಡಿಸೋರು ಮಧ್ಯಾಹ್ನ 2ಕ್ಕೆ ಮೊದ್ಲು, ಮೊದ್ಲು ನುಡಿಸೋರು ಕೊನೇಲಿ, ಆಗ ಅವ್ರ ಸೆಟಪ್ ಸ್ಟೇಜ್ ಮೇಲೆ ಹಂಗೇ ಉಳ್ಕೊಂಡಿರತ್ತೆ. ಒಂದು ವಾರ ಮುಂಚೆ ಪ್ರತಿ ಬ್ಯಾಂಡಿಂದ ಒಂದು ಹಾಳೇಲಿ ಯಾರು ಎಲ್ಲಿ ನಿಲ್ತೀರ, ಎಷ್ಟು ಮೈಕು, ಎಷ್ಟು ಪ್ಲಗ್ ಪಾಯಿಂಟು ಅಂತ ಬರೆಸ್ಕೊಳ್ಳಿ, ಪೆನ್ನಲ್ಲಿ ಗೀಚಿ ಫೋಟೋ ಕಳ್ಸಿದ್ರೂ ಸಾಕು. ನಿಮ್ ತಮಟೆಯವ್ರನ್ನ ಮರೀದೆ ಕೇಳಿ, ಚರ್ಮದ್ದಾ ಫೈಬರ್‌ದಾ ಅಂತ. ಚರ್ಮದ್ದಾದ್ರೆ ಕಾಯಿಸಕ್ಕೆ ಹೊರಗಡೆ ಜಾಗ ಬೇಕು, ಅದೂ ಮಳೆಗಾಲದ ತೇವಕ್ಕೆ ಬೇಗ ಸಡ್ಲ ಆಗತ್ತೆ, ಹಾಲ್‌ನವ್ರಿಗೆ ಮುಂಚೆ ಹೇಳ್ದೆ ಅಂಗಳದಲ್ಲಿ ಪೇಪರ್ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ರೆ ಅವ್ರು ಎದೆ ಒಡ್ಕೊಂಡು ಓಡಿ ಬರ್ತಾರೆ, ನಮಗೆ ಆಗಿದೆ.

ಮಳೆಗಾಲ ಅಂದೆ, ಯಾಕಂದ್ರೆ ನನ್ ಸಲಹೆ ಆಷಾಢದಲ್ಲೇ ಮಾಡಿ ಅಂತ. ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ, ಸಣ್ಣ ಹಾಲುಗಳು ಖಾಲಿ ಹೊಡೀತಿರತ್ವೆ, ಸೌಂಡ್‌ನವ್ರು, ಶಾಮಿಯಾನದವ್ರು ಫ್ರೀ ಇರ್ತಾರೆ, ಚೌಕಾಸಿ ಮಾಡಿದ್ರೆ ಕೇಳ್ತಾರೆ. ಗಣಪತಿ ಟೈಮಲ್ಲಿ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಇರೋವಾಗ ಹೋದ್ರೆ ಅದೇ ಸೆಟ್ಟಿಗೆ ಡಬಲ್ ಹೇಳ್ತಾರೆ, ಅದೂ ಸಿಕ್ಕಿದ್ರೆ.

ಜಾಗ. ನಿಮ್ ಫ್ರೆಂಡ್ ಗುಬ್ಬಿ ವೀರಣ್ಣ ಕಲಾಕ್ಷೇತ್ರ ತಗೊಳೋಣ ಅಂತಿದಾರೆ ಅಂದ್ರಿ, ಬೇಡಪ್ಪ. ಅಷ್ಟು ದೊಡ್ಡದ್ರಲ್ಲಿ 70 ಜನ ಕೂತ್ರೆ ಕಾರ್ಯಕ್ರಮ ಕ್ಯಾನ್ಸಲ್ ಆದ ಹಂಗೆ ಕಾಣತ್ತೆ. 20ಕ್ಕೆ 30 ಅಡಿ ರೂಮು ಸಾಕು, ಡ್ಯಾನ್ಸ್ ಕ್ಲಾಸ್ ಹಾಲು, ಟ್ಯೂಷನ್ ಹಾಲು, ಅಂಗಡಿ ಸಾಲಿನ ಮೇಲಿನ ಮಹಡಿ, ಭಾನುವಾರ ಸಂಜೆ ಕೆಳಗಿನ ಶಟರ್ ಎಲ್ಲಾ ಮುಚ್ಚಿರತ್ತೆ. ಬಾರ್ ಮೇಲಿನ ಹಾಲ್ ಫ್ರೀ ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. ಡ್ರಿಂಕ್ಸ್ ಕೊಡೋ ಕಡೆ ಲೈವ್ ಮ್ಯೂಸಿಕ್ ಅಂದ್ರೆ ತಲೆನೋವೇ ಬೇರೆ, ಬೆಂಗಳೂರಲ್ಲಿ ಅದಕ್ಕೆ ಅಂತ 2005ರ ಪೊಲೀಸ್ ಲೈಸೆನ್ಸ್ ಆದೇಶ ಇದೆ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡಿದ್ಮೇಲೆ ಎಷ್ಟೋ ಪಬ್‌ಗಳಲ್ಲಿ ಬ್ಯಾಂಡ್ ನಿಂತೇ ಹೋಗಿತ್ತು.

ಶಬ್ದದ ರೂಲ್ಸು ಸ್ವಲ್ಪ ತಿಳ್ಕೊಂಡಿರಿ, 2000ದ ಶಬ್ದಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗಡೆ ಲೌಡ್ ಸ್ಪೀಕರ್ ಇಲ್ಲ, ಉಳಿದ ಟೈಮಲ್ಲೂ ಲಿಖಿತ ಪರ್ಮಿಷನ್ ಬೇಕು. ಹಗಲಿನ ಮಿತಿ ಮನೆಗಳಿರೋ ಏರಿಯಾಲಿ 55 ಡೆಸಿಬಲ್, ಅಂಗಡಿ ಏರಿಯಾಲಿ 65, ಆಸ್ಪತ್ರೆ, ಸ್ಕೂಲು, ಕೋರ್ಟು ಸುತ್ತ 100 ಮೀಟರ್ ಒಳಗೆ ಇನ್ನೂ ಕಮ್ಮಿ. ಡ್ರಮ್ಸ್ ಪಕ್ಕ ನಿಂತ್ರೆ ಸ್ಪೀಕರ್ ಇಲ್ದೇನೇ 100 ದಾಟತ್ತೆ, ಅದಕ್ಕೇ ಅಂಗಡಿ ಸಾಲು ಅಂದಿದ್ದು. ಸ್ಟೇಷನ್‌ಗೆ ಒಂದು ಲೆಟರ್ ಕೊಟ್ಟು ಸೀಲ್ ಹಾಕಿಸ್ಕೊಂಡಿರೋ ಕಾಪಿ ಜೇಬಲ್ಲಿಟ್ಕೊಳ್ಳಿ. ಅದಕ್ಕಿಂತ ಮುಖ್ಯ, ಅಕ್ಕಪಕ್ಕದ ಮನೆಗೆ ಹಿಂದಿನ ದಿನ ನೀವೇ ಹೋಗಿ ಹೇಳಿ. ನಮ್ ಹಾಲ್ ಹಿಂದ್ಗಡೆ ಮನೇಲಿ ಒಬ್ರು ಅಜ್ಜಿ, ಎಷ್ಟೊತ್ತಿಗೆ ಮುಗ್ಸ್ತೀರಪ್ಪ ಅಂದ್ರು, ಎಂಟೂಕಾಲು ಅಜ್ಜಿ ಅಂದ್ವಿ, ಎಂಟೂವರೆಗೆ ನನ್ ಸೀರಿಯಲ್ಲು, ಅಷ್ಟ್ರಲ್ಲಿ ಮುಗ್ಸಿ ಅಂದ್ರು. ಅದೇ ಈಗ ನಮ್ ಟೈಮಿಂಗು. 5ಕ್ಕೆ ಬಾಗ್ಲು, 5:30ಕ್ಕೆ ಮೊದಲ್ನೇ ಬ್ಯಾಂಡು, ಒಬ್ಬೊಬ್ರಿಗೆ 30 ನಿಮಿಷ, ಕೊನೆಯವ್ರಿಗೆ 40, ನಾಲ್ಕು ಬ್ಯಾಂಡು 8:10ಕ್ಕೆ ಖಲಾಸ್, ಬಸ್ಸಿಗೆ ಹೋಗೋರಿಗೆ ಬಸ್ಸೂ ಸಿಗತ್ತೆ.

ಸೌಂಡ್. ಅಷ್ಟು ಸಣ್ಣ ರೂಮಲ್ಲಿ ಡ್ರಮ್ಸ್‌ಗೆ ಮೈಕ್ ಬೇಡವೇ ಬೇಡ, ಆಂಪುಗಳು ಡ್ರಮ್ಸ್ ಲೆವೆಲ್‌ಗೆ ಇರ್ಲಿ, ಸ್ಪೀಕರ್‌ನಲ್ಲಿ ಬರ್ಬೇಕಾಗಿರೋದು ವಾಯ್ಸು, ಸಿಂತು ಅಷ್ಟೆ. 8 ಚಾನೆಲ್ ಮಿಕ್ಸರ್, ಎರಡು ಸ್ಪೀಕರ್, ಒಂದೋ ಎರಡೋ ಮಾನಿಟರ್ (ಹಾಡೋರಿಗೆ ಅವ್ರ ವಾಯ್ಸೇ ಕೇಳ್ಸೋ ಸ್ಪೀಕರ್), ಮುಗೀತು. ಲೋಕಲ್ ಆರ್ಕೆಸ್ಟ್ರಾ ಸೌಂಡ್‌ನವ್ರನ್ನೇ ಕರೀರಿ, ಕೆಲ್ಸ ಗೊತ್ತಿರೋರು, ಆದ್ರೆ ಕೈ ಮುಗ್ದು ಒಂದ್ ಮಾತು ಹೇಳಿ, ಅಣ್ಣ ಎಕೋ ಬೇಡ ಅಂತ. ಅವ್ರ ಕೈ ತಾನಾಗೇ ಎಕೋಗೆ ಹೋಗತ್ತೆ, ಜೊತೆಗೆ ಟೈಲ್ಸ್ ನೆಲ, ಬೋಳು ಗೋಡೆ, ನಿಮ್ ತತ್ವಪದದ ಒಂದು ಅಕ್ಷರಾನೂ ಕೇಳ್ಸಲ್ಲ. ಶಾಮಿಯಾನದವ್ರ ಹತ್ರ ಜಮಖಾನ ಹತ್ತು ಜಾಸ್ತಿ ತಗೊಂಡು ನೆಲಕ್ಕೆ ಹಾಸಿ, ಸ್ಟೇಜ್ ಹಿಂದಿನ ಗೋಡೆಗೂ ನೇತಾಕಿ. ಮಾನಿಟರ್ನ ಮೈಕಿನ ಬೆನ್ನ ಕಡೆ ನೇರಕ್ಕೆ ಇಡಿ, ಹಾಡೋರು ಮೈಕಿನ ಜಾಲರಿನ ಮುಷ್ಟೀಲಿ ಮುಚ್ಕೋಬಾರ್ದು, ಅರ್ಧ ಕುಯ್ ಅನ್ನೋದು ಇದ್ರಲ್ಲೇ ನಿಲ್ಲತ್ತೆ.

ಕರೆಂಟು ಮಾತ್ರ ತಮಾಷೆ ಅಲ್ಲ ಬ್ರೋ. ನಮ್ ಮೂರನೇ ನೈಟಲ್ಲಿ ಗಿಟಾರ್ ಆಂಪ್ ಒಂದ್ ಬೋರ್ಡಲ್ಲಿ, ಮಿಕ್ಸರ್ ಇನ್ನೊಂದ್ರಲ್ಲಿ. ಆಂಪಿನ ತ್ರೀ ಪಿನ್ನು ಹೋಗ್ಲಿಲ್ಲ ಅಂತ ಯಾರೋ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ರು, ಅಂದ್ರೆ ಅರ್ಥಿಂಗ್ ಇಲ್ಲ. ಹುಡುಗ ಸ್ಟ್ರಿಂಗ್ ಮೇಲೆ ಕೈ ಇಟ್ಕೊಂಡೇ ಹಾಡಕ್ಕೆ ಹೋದ, ತುಟಿ ಮೈಕಿಗೆ ತಾಗ್ತು, ನೀಲಿ ಕಿಡಿ ಕಣ್ಣಿಗೇ ಕಾಣ್ಸ್ತು. ಎರಡು ಹೆಜ್ಜೆ ಹಿಂದೆ ಹಾರಿ ಡ್ರಮ್ಸ್ ಮೇಲೆ ಬಿದ್ದ. ಜನ ಆಕ್ಟಿಂಗ್ ಅನ್ಕೊಂಡು ಚಪ್ಪಾಳೆ ಹೊಡೆದ್ರು. ತುಟಿ ಊದ್ಕೊಂಡಿದ್ದು ಬಿಟ್ರೆ ಏನಾಗ್ಲಿಲ್ಲ, ಆದ್ರೆ ಆಗಬಹುದಿತ್ತು. ಈಗ ಎಲೆಕ್ಟ್ರೀಷಿಯನ್ ಕರ್ಸಿ ಅರ್ಥಿಂಗ್ ನೋಡ್ಸ್ತೀವಿ, ಸ್ಟೇಜಿನ ಸಾಮಾನೆಲ್ಲಾ ಒಂದೇ 16 ಆಂಪ್ಸ್ ಪಾಯಿಂಟಿಂದ, 230 ವೋಲ್ಟ್‌ಗೆ ಸುಮಾರು 3,600 ವ್ಯಾಟ್ ತಡಿಯತ್ತೆ, ನಮ್ ಸೈಜಿಗೆ ಧಾರಾಳ. ಲೈಟು, ಫ್ಯಾನು, ಟೀ ಕೆಟಲ್ ಬೇರೆ ಲೈನು. ಹಾಡೋಕೆ ಮುಂಚೆ ಮಲ್ಟಿಮೀಟರ್‌ನ ಏಸಿ ವೋಲ್ಟೇಜ್‌ಗೆ ಇಟ್ಟು ಒಂದು ಕಡ್ಡಿ ಗಿಟಾರ್ ಸ್ಟ್ರಿಂಗಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ, ಹತ್ತಿಪ್ಪತ್ತು ವೋಲ್ಟ್ ತೋರ್ಸಿದ್ರೂ ಸರಿ ಆಗೋ ತನಕ ಯಾರೂ ಮುಟ್ಟಂಗಿಲ್ಲ.

ಹಾಡುಗಳ ಹಕ್ಕು ಕೇಳಿದ್ರಲ್ಲ. ಸಿನಿಮಾ ಹಾಡಿನ ಕವರ್ ಮಾಡಿದ್ರೆ ಐಪಿಆರ್‌ಎಸ್ (ಹಾಡು ಬರ್ದೋರು, ಟ್ಯೂನ್ ಹಾಕಿದೋರ ಸಂಸ್ಥೆ) ಲೈಸೆನ್ಸ್ ವಿಚಾರ ಬರತ್ತೆ, ಗ್ಯಾಪಲ್ಲಿ ಮೊಬೈಲಿಂದ ಹಾಡು ಹಾಕಿದ್ರೆ ರೆಕಾರ್ಡಿಂಗ್‌ನವ್ರ ಹಕ್ಕು ಬೇರೆ. ನಾವು ಎರಡೂ ಬೇಡ ಅಂತ ಸ್ವಂತ ಹಾಡು ಮಾತ್ರ ಅಂತ ಇಟ್ಕೊಂಡ್ವಿ. ತತ್ವಪದದಲ್ಲಿ ಒಂದು ಸೂಕ್ಷ್ಮ ಇದೆ, ಶಿಶುನಾಳ ಶರೀಫಜ್ಜ ತೀರ್ಕೊಂಡಿದ್ದು 1889ರಲ್ಲಿ, ಅವ್ರ ಪದ ಯಾರು ಬೇಕಾದ್ರೂ ಹಾಡ್ಬಹುದು, ಆದ್ರೆ ಅದಕ್ಕೆ ಸಿ. ಅಶ್ವತ್ಥ್ ಅವ್ರು ಹಾಕಿರೋ ಟ್ಯೂನು ಹಳೇದಲ್ಲ, ಅವ್ರು ತೀರ್ಕೊಂಡಿದ್ದೇ 2009ರಲ್ಲಿ. ಸ್ವಂತ ಟ್ಯೂನ್ ಹಾಕ್ಕೊಳ್ಳಿ, ಹೇಗಿದ್ರೂ ಡಿಸ್ಟಾರ್ಷನ್ ಹಾಕ್ತೀರಲ್ಲ.

ದುಡ್ಡು. ಹೋದ್ ಸಲದ ನಮ್ ಲೆಕ್ಕ ಹಂಗೇ ಹಾಕ್ತೀನಿ: ಹಾಲು 2,500, ಆಪರೇಟರ್ ಸಮೇತ ಸೌಂಡು 6,000, ಡ್ರಮ್ ಕಿಟ್ ಬಾಡಿಗೆ 2,000, ಜಮಖಾನ ಚೇರು 800, ಟೀ ಮಂಡಕ್ಕಿ 1,200, ಪೋಸ್ಟರ್ ಜೆರಾಕ್ಸ್ 300, ಒಟ್ಟು 12,800. ಟಿಕೆಟ್ 200, ಬಂದೋರು 74 ಜನ, 14,800. ಉಳಿದಿದ್ದು 2,000, ನಾಲ್ಕು ಬ್ಯಾಂಡಿಗೆ 500ರಂತೆ. ನಾಲ್ಕೈದು ಜನರ ಕೈಗೆ 500 ಕೊಡಕ್ಕೆ ನಾಚಿಕೆ ಆಯ್ತು, ಆದ್ರೂ ಕವರಲ್ಲಿ ಹಾಕಿ ಕೊಟ್ವಿ, ಲೆಕ್ಕದ ಫೋಟೋನ ಅವತ್ತು ರಾತ್ರಿನೇ ಗ್ರೂಪಿಗೆ ಹಾಕಿದ್ವಿ. ಮುಂದಿನ್ ಸಲ ಕರ್ದಾಗ ಯಾರೂ ಇಲ್ಲ ಅನ್ಲಿಲ್ಲ. ಬ್ಯಾಂಡ್‌ನವ್ರ ಫ್ರೆಂಡ್ಸ್‌ಗೂ ಟಿಕೆಟ್ ಹಾಕಿ, ಫ್ರೀ ಲಿಸ್ಟ್ ಅಂತ ಒಂದ್ಸಲ ಶುರುವಾದ್ರೆ 74ರಲ್ಲಿ 40 ಜನ ಅದ್ರಲ್ಲೇ ಇರ್ತಾರೆ.

ಆರ್ಡರ್ ಹೆಂಗಿಡೋದು ಅಂದ್ರೆ, ಜಾಸ್ತಿ ಫ್ರೆಂಡ್ಸ್ ಇರೋ ಬ್ಯಾಂಡ್‌ನ ಮೊದ್ಲು ಹಾಕ್ಬೇಡಿ, ಅವ್ರದ್ದು ಮುಗೀತಿದ್ದಂಗೆ ರೂಮ್ ಖಾಲಿ. ತಮಟೆ ಸಿಂತ್ ಕೊನೇಲಿರ್ಲಿ, ಗಿಟಾರ್ ಗದ್ದಲ ಎರಡನೇದು, ಆಗ ಜನ ಇನ್ನೂ ತಾಳ್ಮೆಲಿರ್ತಾರೆ. ನಾಲ್ಕನೇ ಬ್ಯಾಂಡ್ ಬೇಕಿದ್ರೆ ಹೇಳಿ, ಮೈಸೂರಿಂದ ನಾವೇ ಬರ್ತೀವಿ, ಬಸ್ ಚಾರ್ಜ್ ಕೊಟ್ರೆ ಸಾಕು. ಡ್ರಮ್ ಬಿಗಿ ಮಾಡೋ ಕೀ, ನಾಲ್ಕು ವಿಂಗ್ ನಟ್ಟು ಎಕ್ಸ್ಟ್ರಾ ನಾನೇ ತರ್ತೀನಿ.