ಯಾವ ಸೆಮಿನರಿ ಸೇರಲಿ? ಮೊದಲು ನಿಮ್ಮ ಸಭೆಯನ್ನು ಕೇಳಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸದಸ್ಯ. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಪೂರ್ಣಾವಧಿ ಸೇವೆಗೆ ದೇವರು ಕರೆದಿದ್ದಾನೆ ಎಂದು ನಂಬಿದ್ದೇನೆ. ಸ್ನೇಹಿತನೊಬ್ಬ ಬೆಂಗಳೂರಿನ ಒಂದು ಬೈಬಲ್ ಕಾಲೇಜಿನಲ್ಲಿದ್ದಾನೆ. ‘ಎರಡೇ ವರ್ಷಕ್ಕೆ ಎಂ.ಡಿವ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಕೊಡ್ತಾರೆ, ಫೀಸೂ ಇಲ್ಲ, ಬಾ’ ಅನ್ನುತ್ತಾನೆ. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಮಂಗಳೂರಿನ ಸೆಮಿನರಿಗೆ ಹೋಗು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಿ.ಎಸ್.ಐ. ಸಭಾಪಾಲಕರಾಗುವುದು ನಿಮ್ಮ ಉದ್ದೇಶವಾದರೆ ಅಯ್ಯನವರ ಮಾತು ಕೇಳಿ. ಸ್ನೇಹಿತನ ಕಾಲೇಜು ಕೆಟ್ಟದ್ದು ಅಂತಲ್ಲ. ಸೆಮಿನರಿ ನಿಮಗೆ ಕೊಡುವುದು ಪದವಿ ಮಾತ್ರ. ದೀಕ್ಷೆಯನ್ನು, ಅಂದರೆ ಸಭಾಪಾಲಕರಾಗುವ ಅಧಿಕಾರವನ್ನು, ಕೊಡುವುದು ಸಭೆ. ಯಾವ ಪದವಿಯನ್ನು ಒಪ್ಪಬೇಕು, ಯಾವುದನ್ನು ಒಪ್ಪಬಾರದು ಎಂದು ತೀರ್ಮಾನಿಸುವುದೂ ಸಭೆಯೇ. ಈ ಕ್ರಮ ತಪ್ಪಿ, ಮೊದಲು ಕಾಲೇಜು ಸೇರಿ ಮೂರು ವರ್ಷ ಓದಿ ಆಮೇಲೆ ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಕಚೇರಿಗೆ ಹೋದವರಿಗೆ ‘ನಿಮ್ಮನ್ನು ನಾವು ಕಳಿಸಿರಲಿಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ಆಗ ಮತ್ತೆ ಬಿ.ಡಿ.ಗೆ (ಬ್ಯಾಚುಲರ್ ಆಫ್ ಡಿವಿನಿಟಿ) ಸೇರಬೇಕು, ಇಲ್ಲವೇ ಬೇರೆ ಸಭೆ ನೋಡಿಕೊಳ್ಳಬೇಕು. ಎರಡೂ ನೋವಿನ ದಾರಿಗಳೇ.

ಆದ್ದರಿಂದ ಧಾರವಾಡದಲ್ಲಿರುವ ನಿಮ್ಮ ಕರ್ನಾಟಕ ಉತ್ತರ ಡಯಾಸಿಸ್‌ನಿಂದ ಶುರುಮಾಡಿ. ಮೊದಲು ಸ್ಥಳೀಯ ಸಭಾ ಸಮಿತಿಯ ಶಿಫಾರಸು, ನಂತರ ಸೇವಾ ಅಭ್ಯರ್ಥಿಗಳನ್ನು ಆರಿಸುವ ಡಯಾಸಿಸ್ ಮಂಡಳಿಯ ಸಂದರ್ಶನ, ಆಮೇಲೆ ಬಿಷಪರ ಒಪ್ಪಿಗೆ. ಎಷ್ಟೋ ಕಡೆ ಸೆಮಿನರಿಗೆ ಕಳಿಸುವ ಮುಂಚೆ ಒಂದಷ್ಟು ಕಾಲ ಹಳ್ಳಿ ಸಭೆಯೊಂದರಲ್ಲಿ ಕೆಲಸ ಮಾಡಿಸಿ ನೋಡುತ್ತಾರೆ. ಅದನ್ನು ತಡ ಅಂದುಕೊಳ್ಳಬೇಡಿ. ಭಾನುವಾರ ಶಾಲೆ ನಡೆಸುವುದು, ಸಾವಿನ ಮನೆಗೆ ಹೋಗುವುದು, ಜಗಳವಾಡಿಕೊಂಡ ಎರಡು ಕುಟುಂಬಗಳ ಮಧ್ಯೆ ಕೂರುವುದು ನಿಮ್ಮಿಂದ ಆಗುತ್ತದೆಯೇ ಎಂಬುದು ನಿಮಗೂ ಸಭೆಗೂ ಆಗಲೇ ಗೊತ್ತಾಗಲಿ. ಸಂದರ್ಶನದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸತ್ಯವೇದ ತಿಳಿಯದೆ ಸೋಲುವುದಿಲ್ಲ. ಕರೆಯ ಬಗ್ಗೆ ಅರ್ಧ ಗಂಟೆ ಮಾತಾಡಿ, ಈವರೆಗೆ ಸಭೆಯಲ್ಲಿ ಏನು ಮಾಡಿದ್ದೀರಿ ಎಂದಾಗ ಸುಮ್ಮನಾಗುತ್ತಾರೆ. ನಿಮ್ಮ ವಿಶ್ವಾಸದ ಅನುಭವ ಹೇಳುವ ಸಾಕ್ಷಿ ಬರೆಯುವಾಗ ಯೌವನಸ್ಥರ ಕೂಟ, ಗಾಯನ ಮಂಡಳಿ, ಆಸ್ಪತ್ರೆ ಭೇಟಿ ಹೀಗೆ ಮಾಡಿದ ಕೆಲಸವನ್ನು ಊರು, ವರ್ಷ ಸಮೇತ ಬರೆಯಿರಿ.

ಈಗ ಪದವಿಯ ವಿಷಯ. ಪ್ರಾಸ್ಪೆಕ್ಟಸ್‌ನಲ್ಲಿ ‘ಮಾನ್ಯತೆ ಪಡೆದ’ ಎಂದಷ್ಟೇ ಇದ್ದರೆ ಯಾರಿಂದ ಎಂದು ಕೇಳಿ. ಭಾರತದಲ್ಲಿ ಮುಖ್ಯವಾಗಿ ಎರಡು ಮುದ್ರೆಗಳಿವೆ. ಒಂದು ಸೆರಾಂಪುರ ಕಾಲೇಜಿನ ಸೆನೆಟ್. ಮಿಷನರಿಗಳಾದ ಕ್ಯಾರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಟ್ಟಿದ ಈ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದು ಸಿಕ್ಕಿತು. 1918ರ ಸೆರಾಂಪುರ ಕಾಲೇಜು ಕಾಯ್ದೆಯ ಪ್ರಕಾರ ದೇವಶಾಸ್ತ್ರದ ಪದವಿಗಳನ್ನು ಅದರ ಸೆನೆಟ್ ನೋಡಿಕೊಳ್ಳುತ್ತದೆ. ಸಿ.ಎಸ್.ಐ., ಮೆಥೊಡಿಸ್ಟ್, ಲುಥರನ್ ಮುಂತಾದ ಹಳೆಯ ಸಭೆಗಳು ಸಾಮಾನ್ಯವಾಗಿ ಬಯಸುವುದು ಈ ಸೆನೆಟ್‌ನ ಬಿ.ಡಿ.ಯನ್ನು. ಪದವೀಧರರಿಗೆ ಇದು ಸಾಮಾನ್ಯವಾಗಿ 4 ವರ್ಷದ ಓದು. ಇನ್ನೊಂದು ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್, ಅಂದರೆ ಎ.ಟಿ.ಎ. ಇದು 1970ರಲ್ಲಿ ಶುರುವಾದ ಇವ್ಯಾಂಜಲಿಕಲ್ ಒಕ್ಕೂಟ. ಎಂ.ಡಿವ್. ಹೆಚ್ಚಾಗಿ ಇದರ ಕಡೆಯದು. ಪೆಂಟೆಕೋಸ್ಟಲ್, ಬ್ಯಾಪ್ಟಿಸ್ಟ್ ಮತ್ತು ಸ್ವತಂತ್ರ ಸಭೆಗಳಲ್ಲಿ ಇದಕ್ಕೆ ಒಳ್ಳೆಯ ಬೆಲೆಯಿದೆ. ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿಯಂತೆ ಎರಡೂ ಕಡೆ ಸಂಬಂಧವಿರುವ ಸಂಸ್ಥೆಗಳೂ ಇವೆ.

ನಿಮ್ಮ ಸ್ನೇಹಿತ ಹೇಳಿದ ‘ಎರಡೇ ವರ್ಷ’ದ ಬಗ್ಗೆ ಒಂದು ಮಾತು. ಎಂ.ಡಿವ್. ಸಾಮಾನ್ಯವಾಗಿ ಬೇರೆ ವಿಷಯದ ಪದವೀಧರರಿಗೆ 3 ವರ್ಷ, ಮೊದಲೇ ಬಿ.ಟಿಎಚ್. (ದೇವಶಾಸ್ತ್ರದ ಮೊದಲ ಪದವಿ) ಮಾಡಿದವರಿಗೆ 2. ನಿಮ್ಮಂಥ ಬಿ.ಕಾಂ. ಪದವೀಧರರಿಗೂ 2 ವರ್ಷ ಎಂದು ಯಾರಾದರೂ ಹೇಳಿದರೆ ಏನೋ ಒಂದನ್ನು ಬಿಟ್ಟಿದ್ದಾರೆ ಎಂದೇ ಅರ್ಥ. ಹೆಚ್ಚಾಗಿ ಬಿಟ್ಟುಹೋಗುವುದು ಗ್ರೀಕ್, ಹೀಬ್ರೂ ಮತ್ತು ಮೇಲ್ವಿಚಾರಣೆ ಇರುವ ಸಭಾ ತರಬೇತಿ. ಎಷ್ಟು ಸೆಮಿಸ್ಟರ್ ಭಾಷೆ ಕಲಿಸುತ್ತಾರೆ, ಕಲಿಸುವವರು ಕಾಯಂ ಇದ್ದಾರೆಯೇ ಅಥವಾ ಬಂದುಹೋಗುವವರೇ ಎಂದು ಬರವಣಿಗೆಯಲ್ಲಿ ಕೇಳಿ.

ಸರ್ಕಾರದ ಲೆಕ್ಕದಲ್ಲಿ ಇವುಗಳ ಸ್ಥಾನವೇನು ಎಂಬುದೂ ತಿಳಿದಿರಲಿ. ಎ.ಟಿ.ಎ. ಮುದ್ರೆ ಕಲಿಕೆಯ ಗುಣಮಟ್ಟಕ್ಕೆ ಸಭೆಗಳೂ ಸೆಮಿನರಿಗಳೂ ಕೊಟ್ಟುಕೊಂಡ ಖಾತರಿ; ಅದು ಯು.ಜಿ.ಸಿ. ಮಾನ್ಯತೆಯಲ್ಲ. ಯು.ಜಿ.ಸಿ. ಕಾಯ್ದೆ, 1956ರ 22ನೇ ಕಲಂ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಮತ್ತು ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ಮುಂದೆ ಬಿ.ಇಡ್., ಎಂ.ಎ., ಅಥವಾ ಸರ್ಕಾರಿ ನೌಕರಿಯ ಯೋಚನೆಯಿದ್ದರೆ ದೇವಶಾಸ್ತ್ರದ ಪದವಿಯನ್ನೇ ನಂಬಿಕೊಳ್ಳಬೇಡಿ. ಸೆರಾಂಪುರದ ಬಿ.ಡಿ.ಯನ್ನೂ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ರೀತಿ ನೋಡುತ್ತದೆ. ಸಂಬಂಧಪಟ್ಟ ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ತರಿಸಿಕೊಳ್ಳಬೇಕು. ನಿಮ್ಮ ಕೈಯಲ್ಲಿ ಬಿ.ಕಾಂ. ಇದೆ, ಅದು ದೊಡ್ಡ ಆಸರೆ. ಕರ್ನಾಟಕ ವಿಶ್ವವಿದ್ಯಾಲಯದಿಂದ ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ತೆಗೆದುಕೊಂಡಿಲ್ಲವಾದರೆ ಈ ವಾರವೇ ಅರ್ಜಿ ಹಾಕಿ. ಪಿ.ಯು.ಸಿ. ಮುಗಿಸಿ ನೇರ ಬೈಬಲ್ ಕಾಲೇಜಿಗೆ ಹೊರಟ ತಮ್ಮಂದಿರಿಗೆ, ತಂಗಿಯರಿಗೆ ನಾವು ಹೇಳುವುದು ಇದನ್ನೇ: ಮೊದಲು ಒಂದು ಮಾನ್ಯ ಪದವಿ ಮುಗಿಸಿ, ಆಮೇಲೆ ಬನ್ನಿ.

ಇನ್ನು ಮಂಗಳೂರು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಎಲ್ಲರ ಬಾಯಲ್ಲಿ ಕೆ.ಟಿ.ಸಿ., ಬಾಸೆಲ್ ಮಿಷನ್ನಿನ ಸೆಮಿನರಿ ಪರಂಪರೆಯದು. ಈಗಿನ ಕಾಲೇಜು ಶುರುವಾದದ್ದು 1965ರಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಹೊರತಂದ ಕಿಟ್ಟೆಲ್ ಇಬ್ಬರೂ ಅದೇ ಮಿಷನ್ನಿನವರು, ಆ ಕಾಲದ ಹಸ್ತಪ್ರತಿ, ಪುಸ್ತಕಗಳ ಸಂಗ್ರಹ ಅಲ್ಲಿದೆ. ಆದರೆ ನಿಮಗೆ ಇದಕ್ಕಿಂತ ಮುಖ್ಯವಾದ ಕಾರಣ ಭಾಷೆ. ನೀವು ಮುಂದಿನ ಮೂವತ್ತು ವರ್ಷ ಪ್ರಸಂಗ ಮಾಡಬೇಕಾದದ್ದು ಉತ್ತರ ಕರ್ನಾಟಕದ ಕನ್ನಡದಲ್ಲಿ. ನಾಲ್ಕು ವರ್ಷ ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿ ಬರೆದವರು ಮೊದಲ ಸಭೆಗೆ ಹೋದಾಗ ತೊಡಕು ಕಾಣಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಬಗ್ಗೆ ಹತ್ತು ಪುಟದ ಪ್ರಬಂಧ ಬರೆದಿರುತ್ತಾರೆ, ಅದನ್ನೇ ರೋಣ ತಾಲ್ಲೂಕಿನ ಒಬ್ಬ ಅಜ್ಜಿಗೆ ಹತ್ತು ನಿಮಿಷ ಹೇಳಲು ತಡವರಿಸುತ್ತಾರೆ. ಪಾಠವನ್ನು ಕನ್ನಡದಲ್ಲಿ ಚರ್ಚಿಸಿ, ಕನ್ನಡದಲ್ಲೇ ಪ್ರಸಂಗ ಕಟ್ಟಿ, ಸಹಪಾಠಿಗಳಿಂದ ತಿದ್ದಿಸಿಕೊಳ್ಳುವ ಅವಕಾಶವನ್ನು ಕಡಿಮೆ ಎಂದು ತಿಳಿಯಬೇಡಿ.

ಇದರ ಇನ್ನೊಂದು ಮುಖವೂ ಇದೆ. ವ್ಯಾಖ್ಯಾನ ಗ್ರಂಥಗಳು, ಆಕರಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಬಿ.ಡಿ. ನಂತರದ ಎಂ.ಟಿಎಚ್. ಪದವಿ ಮಾಡಿ ಕಲಿಸುವ ಆಸೆಯಿದ್ದರೆ ಇಂಗ್ಲಿಷ್ ಓದಿನ ವೇಗ ಬೇಕೇಬೇಕು. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ. ಅಲ್ಲಿನ ಗ್ರಂಥಾಲಯವೂ ಪತ್ರಾಗಾರವೂ ದೇಶದ ಅತ್ಯುತ್ತಮವಾದವುಗಳಲ್ಲಿ ಸೇರುತ್ತವೆ. ಬೇರೆ ಬೇರೆ ರಾಜ್ಯಗಳ, ಸಭೆಗಳ ಜನರ ಜೊತೆ ಕೂತು ಕಲಿಯುವ ಲಾಭ ಅಲ್ಲುಂಟು. ಬಿ.ಡಿ. ಮಂಗಳೂರಿನಲ್ಲಿ, ಎಂ.ಟಿಎಚ್. ಬೆಂಗಳೂರಿನಲ್ಲಿ ಎಂಬ ಕ್ರಮ ಸಭಾ ಸೇವೆಗೆ ಹೊರಟ ಕನ್ನಡದ ವಿದ್ಯಾರ್ಥಿಗೆ ಚೆನ್ನಾಗಿ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಯಾವ ಕಾಲೇಜಾದರೂ ಸರಿ, ಅರ್ಜಿ ಹಾಕುವ ಮುಂಚೆ ಶುಕ್ರವಾರ ಹೋಗಿ ಭಾನುವಾರ ಬನ್ನಿ. ಬೆಳಗಿನ ಚಾಪೆಲ್ ಪ್ರಾರ್ಥನೆಗೆ ಹೋಗಿ: ಅಧ್ಯಾಪಕರು ಬರುತ್ತಾರೆಯೇ, ಬಂದರೆ ವಿದ್ಯಾರ್ಥಿಗಳ ಜೊತೆ ಕೂರುತ್ತಾರೆಯೇ ನೋಡಿ. ಗ್ರಂಥಾಲಯದಲ್ಲಿ ಕಪಾಟಿನ ಉದ್ದ ಅಳೆಯಬೇಡಿ. ನಿಯತಕಾಲಿಕೆಗಳ ರ‍್ಯಾಕಿನಲ್ಲಿ ಇತ್ತೀಚಿನ ಸಂಚಿಕೆ ಯಾವ ವರ್ಷದ್ದು ಎಂದು ನೋಡಿ. ಹೊಸ ಒಡಂಬಡಿಕೆಯ ವಿಭಾಗದಿಂದ ನಾಲ್ಕೈದು ವ್ಯಾಖ್ಯಾನ ಗ್ರಂಥ ತೆಗೆದು, ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ತಾರೀಖು ನೋಡಿ; ಕಂಪ್ಯೂಟರಿನಲ್ಲಿ ದಾಖಲಿಸುವ ಕಡೆ ಲೈಬ್ರರಿಯನ್ನರನ್ನು ಕೇಳಿದರೆ ಹೇಳುತ್ತಾರೆ. ಪುಸ್ತಕ ಇದ್ದೂ ಯಾರೂ ಮುಟ್ಟಿಲ್ಲವೆಂದರೆ ಅಲ್ಲಿ ನೋಟ್ಸ್ ಬರೆಸಿ ಪರೀಕ್ಷೆ ಮುಗಿಸುತ್ತಾರೆ ಎಂದು ತಿಳಿಯಬಹುದು. ಕೊನೆಯ ವರ್ಷದ ವಿದ್ಯಾರ್ಥಿಯ ವಾರಾಂತ್ಯದ ಸಭಾ ಕೆಲಸದ ಡೈರಿ ನೋಡಲು ಸಿಕ್ಕರೆ ಬಿಡಬೇಡಿ. ಪ್ರಸಂಗದ ಪಕ್ಕದಲ್ಲಿ ಮೇಲ್ವಿಚಾರಕರು ‘ಚೆನ್ನಾಗಿದೆ’ ಎಂದಷ್ಟೇ ಬರೆದು ಸಹಿ ಹಾಕಿದ್ದಾರೋ, ಅಥವಾ ‘ವಾಕ್ಯಭಾಗದ ಎರಡನೇ ಅರ್ಧವನ್ನು ಬಿಟ್ಟಿದ್ದೀರಿ, ಯಾಕೆ?’ ಎಂದು ಪ್ರಶ್ನಿಸಿದ್ದಾರೋ? ಎರಡನೆಯದು ಕಂಡರೆ ಆ ಕಾಲೇಜಿನಲ್ಲಿ ತರಬೇತಿ ನಿಜವಾಗಿ ನಡೆಯುತ್ತಿದೆ.

‘ಫೀಸಿಲ್ಲ’ ಎಂಬುದನ್ನು ಬಿಡಿಸಿ ನೋಡಿ. ಖರ್ಚೆಂದರೆ ಬೋಧನಾ ಶುಲ್ಕವೊಂದೇ ಅಲ್ಲ. ಹಾಸ್ಟೆಲ್, ಮೆಸ್, ನೋಂದಣಿ ಮತ್ತು ಪರೀಕ್ಷಾ ಶುಲ್ಕ, ಠೇವಣಿ, ಪುಸ್ತಕ, ವಾರಾಂತ್ಯದ ಬಸ್ ಚಾರ್ಜು, ಔಷಧಿ, ರಜೆಯ ತಿಂಗಳುಗಳ ಊಟ ಇವೆಲ್ಲ ಸೇರಿಸಿ ಇಡೀ ಕೋರ್ಸಿಗೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಯಾರು ಕೊಡುತ್ತಾರೆ ಎಂಬುದು ಅದರ ಮುಂದಿನ ಕಾಲಂ. ಡಯಾಸಿಸ್ ಕೊಟ್ಟರೆ ಓದು ಮುಗಿದ ಮೇಲೆ ಇಷ್ಟು ವರ್ಷ ಸೇವೆ ಮಾಡಬೇಕೆಂಬ ಷರತ್ತು ಇರಬಹುದು. ಅದು ನ್ಯಾಯವೇ, ಆದರೆ ಓದಿ ಸಹಿ ಹಾಕಿ. ವಿದೇಶದ ದಾನಿಗಳೇ ಎಲ್ಲ ಕೊಡುತ್ತಾರೆ ಎಂದರೆ ಎಚ್ಚರ ಬೇಕು. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್.ಸಿ.ಆರ್.ಎ. ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚಿಗೆ ಬಳಸಬಹುದಾದ ಪಾಲೂ ಶೇ. 50ರಿಂದ 20ಕ್ಕೆ ಇಳಿಯಿತು. ನೋಂದಣಿ ನವೀಕರಣವಾಗದಿದ್ದರೆ ಹಣ ನಡುವೆಯೇ ನಿಲ್ಲುತ್ತದೆ. ಹಾಗಾದಾಗ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿಯ ಗತಿಯೇನು ಎಂದು ಪ್ರಾಂಶುಪಾಲರನ್ನೇ ಕೇಳಿ. ಉತ್ತರ ಸಿದ್ಧವಾಗಿಟ್ಟುಕೊಂಡ ಕಾಲೇಜುಗಳಿವೆ.

ತರಗತಿ ಸಾಮಾನ್ಯವಾಗಿ ಜೂನ್ ಸುಮಾರಿಗೆ ಶುರು, ಅರ್ಜಿಯ ಕಾಲ ಅದಕ್ಕೂ ಕೆಲವು ತಿಂಗಳು ಮುಂಚೆ. ಅಂಕಪಟ್ಟಿಗಳು, ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಷನ್) ಪತ್ರಗಳು, ವೈದ್ಯಕೀಯ ಪ್ರಮಾಣಪತ್ರ ಬೇಗ ಸಿಗುತ್ತವೆ. ತಡವಾಗುವುದು ಡಯಾಸಿಸ್‌ನ ಪ್ರಾಯೋಜಕತ್ವದ ಪತ್ರ, ಯಾಕೆಂದರೆ ಅದಕ್ಕೆ ಸಮಿತಿ ಸೇರಬೇಕು. ಹಾಗಾಗಿ ಹಿಂದಿನ ವರ್ಷವೇ ಕೇಳಿಕೊಳ್ಳಿ.

ಪ್ರಶ್ನೆ: ನಾನು ನರ್ಸ್, ಅವಿವಾಹಿತೆ. ಆಸ್ಪತ್ರೆಯಲ್ಲಿ ರೋಗಿಗಳ ಆತ್ಮಿಕ ಆರೈಕೆಯೇ ನನ್ನ ಸೇವೆ ಎಂದು ಅನಿಸಿದೆ. ಹೆಣ್ಣುಮಕ್ಕಳು ಸೆಮಿನರಿ ಸೇರಿದರೆ ಮುಂದೆ ಜಾಗ ಸಿಗುತ್ತದೆಯೇ?

ಉತ್ತರ: ಇದೂ ಸಭೆಯ ಮೇಲೆಯೇ ನಿಂತಿದೆ. ಸಿ.ಎಸ್.ಐ. ಮತ್ತು ಮೆಥೊಡಿಸ್ಟ್ ಸಭೆಗಳು ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡುತ್ತವೆ, ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಮಹಿಳೆಯೊಬ್ಬರು ಬಿಷಪ್ ಆದರು. ಕಥೋಲಿಕ ಮತ್ತು ಮಾರ್ ಥೋಮಾ ಸಭೆಗಳಲ್ಲಿ ದೀಕ್ಷೆಯಿಲ್ಲ. ಪೆಂಟೆಕೋಸ್ಟಲ್ ಸಭೆಗಳು ಒಂದೊಂದು ಒಂದೊಂದು ರೀತಿ. ಆದರೆ ಸೆಮಿನರಿಗೆ ಸೇರಿಸಿಕೊಳ್ಳುವುದೇ ಬೇರೆ, ಓದು ಮುಗಿದ ಮೇಲೆ ಸಭೆ ಕೊಡುವುದೇ ಬೇರೆ. ಕಳೆದ ಐದು ವರ್ಷದಲ್ಲಿ ಇಲ್ಲಿ ಬಿ.ಡಿ. ಮುಗಿಸಿದ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ ಎಂದು ಕಾಲೇಜನ್ನು ಕೇಳಿ. ಸಭೆಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಎಂದು ಲೆಕ್ಕ ಹೇಳುವ ಕಾಲೇಜನ್ನು ನಂಬಿ.

ನೀವು ಹೇಳುವ ಕೆಲಸಕ್ಕೆ ದೀಕ್ಷೆಗಿಂತ ಬೇರೊಂದು ತರಬೇತಿ ಹೆಚ್ಚು ಬೇಕು: ಕ್ಲಿನಿಕಲ್ ಪಾಸ್ಟೋರಲ್ ಎಜುಕೇಷನ್. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು, ಮೇಲ್ವಿಚಾರಕರ ಮತ್ತು ಗುಂಪಿನ ಮುಂದಿಟ್ಟು, ಎಲ್ಲಿ ಕೇಳಿಸಿಕೊಳ್ಳದೆ ಉಪದೇಶಕ್ಕೆ ಇಳಿದೆ ಎಂದು ತಿಳಿಯುವ ಪದ್ಧತಿ ಅದು. ‘ನನಗೆ ಭಯ ಆಗ್ತಿದೆ’ ಎಂದು ರೋಗಿ ಹೇಳಿದ ಮರುಸಾಲಿನಲ್ಲೇ ನೀವು ಕೀರ್ತನೆ ಓದಲು ಶುರುಮಾಡಿದ್ದು ಕಾಗದದ ಮೇಲೆ ಎದ್ದು ಕಾಣುತ್ತದೆ. ವೆಲ್ಲೂರಿನ ಸಿ.ಎಂ.ಸಿ., ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ಈ ತರಬೇತಿಯ ಬಗ್ಗೆ ವಿಚಾರಿಸಿ. ನರ್ಸಿಂಗ್ ನೋಂದಣಿಯನ್ನು ಮಾತ್ರ ಬಿಡದೆ ನವೀಕರಿಸುತ್ತಿರಿ. ವಾರ್ಡಿನ ಒಳಹೊರಗು ಬಲ್ಲ ಚಾಪ್ಲಿನ್ (ರೋಗಿಗಳ ಆತ್ಮಿಕ ಆರೈಕೆ ಮಾಡುವವರು) ಆಸ್ಪತ್ರೆಗೆ ಸುಲಭವಾಗಿ ಸಿಗುವುದಿಲ್ಲ.

ಪ್ರಶ್ನೆ: ಬೀದರಿನಲ್ಲಿ ಶಿಕ್ಷಕ, ವಯಸ್ಸು 41, ಇಬ್ಬರು ಮಕ್ಕಳು. ಕೆಲಸ ಬಿಡಲಾರೆ. ಆನ್‌ಲೈನಿನಲ್ಲಿ ಆರು ತಿಂಗಳಿಗೆ ಡಾಕ್ಟರೇಟ್ ಕೊಡುವ ಜಾಹೀರಾತು ಬಂದಿದೆ, ನಂಬಬಹುದೇ?

ಉತ್ತರ: ಬೇಡ. ಆರು ತಿಂಗಳಲ್ಲಿ ಹಣಕ್ಕೆ ಬರುವ ಡಾಕ್ಟರೇಟಿನಿಂದ ಸಭೆಗೂ ಪ್ರಯೋಜನವಿಲ್ಲ, ಶಿಕ್ಷಕರಾದ ನೀವು ಅದನ್ನು ಹೆಸರಿನ ಹಿಂದೆ ಹಾಕಿಕೊಂಡರೆ ಇಲಾಖೆಯಲ್ಲಿ ತೊಂದರೆಯೂ ಆಗಬಹುದು. ಮನೆಯಲ್ಲಿದ್ದೇ ಕಲಿಯಲು ಒಳ್ಳೆಯ ದಾರಿಗಳಿವೆ. ಬೆಂಗಳೂರಿನ ಟಾಫ್ಟಿ ಎಂಬ ಸಂಸ್ಥೆ 1971ರಿಂದ ವಿಸ್ತರಣಾ ಕ್ರಮದಲ್ಲಿ ದೇವಶಾಸ್ತ್ರ ಕಲಿಸುತ್ತಿದೆ. ಮನೆಯಲ್ಲಿ ಪಾಠ ಓದಿ ಉತ್ತರ ಬರೆದು, ಹತ್ತಿರದ ಗುಂಪಿನಲ್ಲಿ ಸೇರಿ ಚರ್ಚಿಸುವುದು ಅದರ ಕ್ರಮ. ಸೆರಾಂಪುರ ಸೆನೆಟ್ ಕೂಡ ಬಾಹ್ಯ ವಿದ್ಯಾರ್ಥಿಗಳಿಗೆ ಬಿ.ಸಿ.ಎಸ್. ಎಂಬ ಕ್ರೈಸ್ತ ಅಧ್ಯಯನದ ಪದವಿ ನಡೆಸುತ್ತದೆ. ಎರಡರಲ್ಲೂ ಜನ ನಡುವೆ ಬಿಡುವುದು ಪಾಠ ಕಷ್ಟವಾಗಿ ಅಲ್ಲ, ಒಬ್ಬರೇ ಓದಲಾಗದೆ. ನಿಮ್ಮ ಊರಿನಲ್ಲೇ ಇನ್ನು ಮೂರು ನಾಲ್ಕು ಜನರನ್ನು ಸೇರಿಸಿಕೊಂಡು, ವಾರಕ್ಕೊಂದು ಸಂಜೆ ಗೊತ್ತುಮಾಡಿ, ಆಮೇಲೆ ಹೆಸರು ನೋಂದಾಯಿಸಿ.