ಒಂದು ಗೂಡಿಗೆ ಒಂದೇ ಸಂಖ್ಯೆ ಸಾಕೇ?

ಜವಳಿ ವಿಷಯ ಓದುತ್ತಿರುವ ಓದುಗರೊಬ್ಬರ ಪತ್ರ: "ನಿಮ್ಮ ಒಂದು ಲೇಖನದಲ್ಲಿ ರೇಷ್ಮೆ ಎಳೆ 3 ಡೆನಿಯರ್ ಎಂದಿದೆ, ಇನ್ನೊಂದರಲ್ಲಿ 2 ಎಂದಿದೆ. ಯಾವುದು ಸರಿ? ಒಂದೇ ಸಂಖ್ಯೆ ಕೊಡಿ."

ಎರಡೂ ಸರಿ. (ಡೆನಿಯರ್ ಅಂದರೆ 9,000 ಮೀಟರ್ ಎಳೆಯ ತೂಕ, ಗ್ರಾಂ ಲೆಕ್ಕದಲ್ಲಿ; ಸಂಖ್ಯೆ ದೊಡ್ಡದಾದಷ್ಟೂ ಎಳೆ ದಪ್ಪ.) ಇಷ್ಟು ಗಮನವಿಟ್ಟು ಓದಿದ್ದೀರಲ್ಲ, ಖುಷಿಯಾಯಿತು. ಆದರೆ 'ಒಂದೇ ಸಂಖ್ಯೆ ಕೊಡಿ' ಎಂಬ ಮಾತಿಗೆ ನನ್ನ ತಕರಾರಿದೆ.

ಹಿಪ್ಪುನೇರಳೆ ತಿನ್ನುವ ಹುಳು ಗೂಡನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತದೆ. ಎರಡು ಮೂರು ದಿನ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಲೇ ಇರುತ್ತದೆ. ಹುಳುವಿನ ರೇಷ್ಮೆ ಗ್ರಂಥಿ ಖಾಲಿಯಾಗುತ್ತಾ ಬಂದ ಹಾಗೆ ಎಳೆಯೂ ಸಣ್ಣಗಾಗುತ್ತದೆ. ಹೊರಗೆ 3ರ ಹತ್ತಿರ ಇದ್ದದ್ದು ಒಳಗೆ 2ಕ್ಕಿಂತ ಕೆಳಗಿಳಿಯುತ್ತದೆ.

ಒಮ್ಮೆ ಒಂದು ಗೂಡನ್ನು ಬಿಸಿನೀರಲ್ಲಿ ನೆನೆಸಿ, ತುದಿ ಹುಡುಕಿ, ರಟ್ಟಿಗೆ ಸುತ್ತುತ್ತಾ ಕೂತಿದ್ದೆ. ಮೊದಮೊದಲು ಎಳೆ ಕಣ್ಣಿಗೆ ಕಾಣುತ್ತಿತ್ತು. ಕೊನೆಗೆ ಗೂಡು ಬರೀ ತೆಳುವಾದ ಪೊರೆಯಾಗಿ, ಒಳಗಿನ ಕಂದು ಕೋಶ (ರೂಪ ಬದಲಿಸಿದ ಹುಳು) ಕಾಣತೊಡಗಿತು. ಆಗ ಎಳೆ ಕಾಣಲೇ ಇಲ್ಲ. ಬೆರಳಿಗೆ ತಾಗಿದ್ದರಿಂದ ಇದೆ ಅಂತ ಗೊತ್ತಾಯಿತು. ಹಾಗಂತ ಅದು ಬಡಕಲು ಅಂದುಕೊಳ್ಳಬೇಡಿ. ದಪ್ಪಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಒಳಗಿನದೇ ಗಟ್ಟಿ. ಹೊರಗಿನದು ಜಾಸ್ತಿ ಹಿಗ್ಗುತ್ತದೆ.

ಇನ್ನು ಟಸರ್, ಅಂದರೆ ಕಾಡುಮರಗಳ ಎಲೆ ತಿನ್ನುವ ಹುಳುವಿನ ರೇಷ್ಮೆ. ಅದರ ಎಳೆ 10 ಡೆನಿಯರ್ ಆಸುಪಾಸು, ಪಟ್ಟಿಯ ಹಾಗೆ ಚಪ್ಪಟೆ. ಹಿಪ್ಪುನೇರಳೆ ರೇಷ್ಮೆಯ ಎಳೆ ಮೂರು ಮೂಲೆಯದು, ಆ ಹೊಳಪು ಬರುವುದೇ ಅದರಿಂದ. ಟಸರ್ ಗೂಡಲ್ಲೂ ಒಳಕ್ಕೆ ಹೋದಂತೆ ಎಳೆ ಸಣ್ಣಗಾಗುತ್ತದೆ. ಎರಿ ಎಂಬ ಇನ್ನೊಂದು ರೇಷ್ಮೆ ಹುಳುವಂತೂ ಗೂಡಿನ ಒಂದು ತುದಿಯನ್ನು ತೆರೆದೇ ಬಿಡುತ್ತದೆ. ಅದರ ಎಳೆ ತುಂಡುತುಂಡು, ಹತ್ತಿಯ ಹಾಗೆ ನೂಲಬೇಕು. ಇಷ್ಟಕ್ಕೂ ಪಠ್ಯಪುಸ್ತಕದ ಕೋಷ್ಟಕದಲ್ಲಿ 'ರೇಷ್ಮೆ' ಎಂಬ ಒಂದೇ ಸಾಲು!

ಸರಾಸರಿ ಬೇಡವೇ ಬೇಡ ಅನ್ನುತ್ತಿಲ್ಲ, ವ್ಯಾಪಾರಕ್ಕೆ ಬೇಕು. ಆದರೆ ನೂಲು ಬಿಚ್ಚುವವರನ್ನು ನೋಡಿ. ಹಲವು ಗೂಡುಗಳ ಎಳೆ ಕೂಡಿಸುವಾಗ, ಮುಗಿಯುತ್ತಾ ಬಂದ ಗೂಡುಗಳ ಜೊತೆ ಹೊಸ ಗೂಡು ಸೇರಿಸುತ್ತಾ ಹೋಗುತ್ತಾರೆ. ಇಲ್ಲದಿದ್ದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವರ ಕೈಗೆ ಗೊತ್ತಿರುವುದನ್ನು ಪಠ್ಯಪುಸ್ತಕ ಮಕ್ಕಳಿಗೆ ಹೇಳಬೇಕಿತ್ತು, ಅಲ್ವಾ? ನಾನು ಓದುವಾಗ ಪರೀಕ್ಷೆಯಲ್ಲಿ ರೇಷ್ಮೆಯ ಡೆನಿಯರ್ ಎಷ್ಟು ಎಂದಿದ್ದಕ್ಕೆ 'ಎಳೆಯ ಯಾವ ಭಾಗ?' ಎಂದು ಬರೆದು ಅಂಕ ಕಳೆದುಕೊಂಡಿದ್ದೆ. ಆ ಸಿಟ್ಟು ಇನ್ನೂ ಇದೆ. ಓದು, ಆರೋಗ್ಯ, ದುಡಿಮೆ, ಯಾವುದನ್ನೇ ಅಳೆದರೂ ಈಗ ಒಂದೇ ಅಂಕಿ ಸಾಕು ಎನ್ನುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಿದವರೇ ತರಲೆ ಅನ್ನಿಸಿಕೊಳ್ಳುತ್ತಾರೆ.

ನೀವು ಕೇಳಿದ್ದೀರಿ, ಒಳ್ಳೆಯದಾಯಿತು. ಆ ಲೇಖನಗಳಲ್ಲಿ ಗೂಡಿನ ಯಾವ ಪದರ ಎಂದು ನಾವು ಬರೆಯಬೇಕಿತ್ತು, ಬರೆಯಲಿಲ್ಲ. ಮುಂದಿನ ಸಂಚಿಕೆಯಿಂದ ಡೆನಿಯರ್ ಜೊತೆ ಹುಳು ಯಾವುದು, ಪದರ ಯಾವುದು ಎಂಬುದೂ ಇರುತ್ತದೆ.