ಒಂದೇ ಹಾವಿನ ವಿಷ ಯಾಕೆ ಸಾಲದು?

ಹಾವು ಕಚ್ಚಿದಾಗ ಕೊಡುವ ಔಷಧಿ ಮಾಡಲು ಹಾವಿನ ವಿಷವೇ ಬೇಕು. ಅದರ ಬಗ್ಗೆ ನೀವು ಕೇಳಿರುವುದು ಮೂರು ಪ್ರಶ್ನೆ. ವಿಷ ತೆಗೆಯುವಾಗ ಹಾವಿಗೆ ಹಿಂಸೆ ಆಗುತ್ತಾ? ಒಂದು ಹಾವಿನಿಂದ ಒಂದು ಸಲ ತೆಗೆದಿಟ್ಟುಕೊಂಡರೆ ಸಾಲದಾ? ಇಷ್ಟೆಲ್ಲ ವಿಜ್ಞಾನ ಬೆಳೆದ ಮೇಲೂ ಹಾವನ್ನೇ ಹಿಡಿಯಬೇಕಾ, ಲ್ಯಾಬಿನಲ್ಲೇ ವಿಷ ಮಾಡಿಕೊಳ್ಳಲು ಆಗಲ್ವಾ?

ನಾನು ಹನ್ನೊಂದು ವರ್ಷ ವಿಷ ಸಂಗ್ರಹಿಸುವ ಕೆಲಸ ಮಾಡಿದ್ದೇನೆ. ಮೊದಲ ಐದು ವರ್ಷ ಹಾವು ಹಿಡಿಯುವವರ ಜೊತೆಗಿದ್ದೆ. ಆಮೇಲೆ ವಿಷ ಒಣಗಿಸಿ ತೂಗುವ ಕೋಣೆಗೆ ಹೋದೆ. ನಿಮ್ಮ ಎರಡನೇ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡುತ್ತೇನೆ. ಔಷಧಿ ರೋಗಿಯ ಜೀವ ಉಳಿಸುತ್ತೋ ಇಲ್ಲವೋ ಅನ್ನುವುದು ಹೆಚ್ಚಾಗಿ ಅಲ್ಲೇ ತೀರ್ಮಾನ ಆಗುತ್ತದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡಿ. ಒಬ್ಬರೇ ಯಾವತ್ತೂ ಮಾಡುವುದಿಲ್ಲ, ಇಬ್ಬರು ಇರಲೇಬೇಕು. ಒಬ್ಬರು ಕೊಕ್ಕೆ ಕೋಲಿನಲ್ಲಿ ಹಾವನ್ನು ಎತ್ತಿ ಮೇಜಿನ ಮೇಲೆ ಬಿಡುತ್ತಾರೆ. ಕೋಲಿನಿಂದಲೇ ತಲೆಯನ್ನು ಮೆಲ್ಲಗೆ ಅದುಮಿ, ದವಡೆಯ ಹಿಂದೆ ಬೆರಳು ಹಾಕಿ ಹಿಡಿಯುತ್ತಾರೆ. ಇನ್ನೊಬ್ಬರು ಮೈ ಜೋತಾಡದ ಹಾಗೆ ಆಧಾರ ಕೊಡುತ್ತಾರೆ. ಒಂದು ಗಾಜಿನ ಬಟ್ಟಲಿನ ಬಾಯಿಗೆ ತೆಳುವಾದ ಹಾಳೆ ಬಿಗಿದಿರುತ್ತದೆ. ಅದನ್ನು ಬಾಯಿಯ ಹತ್ತಿರ ತಂದರೆ ಹಾವು ಕಚ್ಚುತ್ತದೆ. ಹಲ್ಲು ಹಾಳೆಯನ್ನು ತೂರಿ ಒಳಗೆ ಇಳಿಯುತ್ತದೆ. ವಿಷ ಹನಿಹನಿಯಾಗಿ ಗಾಜಿನ ಮೇಲೆ ಜಾರುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯುವುದಿಲ್ಲ.

ವಿಷದ ಚೀಲ ಅಂತ ಕರೆಯುತ್ತೇವಲ್ಲ, ಅದು ಕಣ್ಣಿನ ಹಿಂದಿರುವ ಒಂದು ಗ್ರಂಥಿ. ಮೂಲದಲ್ಲಿ ಜೊಲ್ಲಿನ ಗ್ರಂಥಿಯೇ. ಹಾವು ಕಚ್ಚಿದಾಗ ಅದರ ಮೇಲೆ ಬೆರಳಿನಿಂದ ಹಗುರವಾಗಿ ಒತ್ತುತ್ತಾರೆ. ಹಗುರವಾಗಿ ಅನ್ನುವ ಮಾತು ಮುಖ್ಯ. ನನಗೆ ಕಲಿಸಿದ ಹಿರಿಯರು ಮೊದಲ ಆರು ತಿಂಗಳು ನನ್ನಿಂದ ತಲೆ ಹಿಡಿಸಲೇ ಇಲ್ಲ. ಬರೀ ಮೈ ಹಿಡಿದು ನಿಲ್ಲು ಅಂದರು. ಹಾವು ಯಾವಾಗ ಬಿಗಿಯುತ್ತದೆ, ಯಾವಾಗ ಸಡಿಲ ಬಿಡುತ್ತದೆ ಅನ್ನುವುದು ಕೈಗೆ ಗೊತ್ತಾಗಬೇಕಿತ್ತು.

ಎಲ್ಲ ಹಾವಿಗೂ ಒಂದೇ ವರಸೆ ನಡೆಯುವುದಿಲ್ಲ. ನಾಗರಹಾವಿನ ಹಲ್ಲು ಗಿಡ್ಡ, ಇದ್ದಲ್ಲೇ ಇರುತ್ತದೆ. ಕೊಳಕುಮಂಡಲದ ಹಲ್ಲು ಉದ್ದ, ಬಾಯಿ ಮುಚ್ಚಿದಾಗ ಮಡಚಿಕೊಂಡಿರುತ್ತದೆ, ತೆರೆದಾಗ ಮುಂದಕ್ಕೆ ಚಾಚುತ್ತದೆ. ಎರಡು ಹಲ್ಲನ್ನೂ ಬೇರೆಬೇರೆಯಾಗಿ ಆಡಿಸಬಲ್ಲದು. ತಲೆ ಭದ್ರವಾಗಿ ಹಿಡಿದಿದ್ದೇನೆ ಅಂದುಕೊಂಡವರ ಬೆರಳಿಗೂ ಅದು ಮುಟ್ಟುತ್ತದೆ. ಅಮೆರಿಕ ಖಂಡದ ಹವಳದ ಹಾವುಗಳ ಬಾಯಿ ತೀರಾ ಚಿಕ್ಕದು. ಅವಕ್ಕೆ ಬಟ್ಟಲು ಆಗುವುದಿಲ್ಲ, ಒಂದೊಂದು ಹಲ್ಲಿಗೂ ಸಣ್ಣ ಕೊಳವೆ ತೊಡಿಸಿ ವಿಷ ತೆಗೆಯುತ್ತಾರೆ.

ಈಗ ಹಿಂಸೆಯ ಪ್ರಶ್ನೆ. ಏನೂ ಆಗುವುದಿಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. ಹಿಡಿಸಿಕೊಳ್ಳುವುದು ಹಾವಿಗೆ ಇಷ್ಟದ ಸಂಗತಿಯಲ್ಲ, ಅದು ಹೆದರುತ್ತದೆ. ಒರಟಾಗಿ ಹಿಡಿದರೆ ಬಾಯಿಯೊಳಗೆ ಗಾಯವಾಗಿ ಕೀವು ತುಂಬುತ್ತದೆ, ಹಾವು ತಿನ್ನುವುದನ್ನೇ ಬಿಡುತ್ತದೆ. ಹಾಗೆ ಸತ್ತ ಹಾವುಗಳನ್ನು ನಾನು ನೋಡಿದ್ದೇನೆ. ಹಲ್ಲು ಮುರಿದರೆ ಮಾತ್ರ ಅಷ್ಟು ಚಿಂತೆ ಇಲ್ಲ, ಹಿಂದೆ ಬದಲಿ ಹಲ್ಲುಗಳು ಬೆಳೆಯುತ್ತಲೇ ಇರುತ್ತವೆ. ವಿಷವೂ ಮತ್ತೆ ತುಂಬುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಕಾಯಂ ಆಗಿ ಹಾವು ಸಾಕುವ ಕಡೆ ಸಾಮಾನ್ಯವಾಗಿ ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಯುತ್ತಾರೆ. ಹಿಂದೆ ಕೆಲವು ಕಡೆ ಸಣ್ಣ ಕರೆಂಟ್ ಕೊಟ್ಟು ಗ್ರಂಥಿಯನ್ನು ಹಿಂಡಿಸುತ್ತಿದ್ದರು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬ್ರೆಜಿಲ್‌ನ ಬುಟಾಂಟಾನ್ ಅನ್ನುವ, ಹಾವಿನ ಔಷಧಿ ಮಾಡುವ ಸಂಸ್ಥೆಯಲ್ಲಿ ಇಂಗಾಲದ ಡೈಆಕ್ಸೈಡ್ ಕೊಟ್ಟು ಹಾವನ್ನು ಸ್ವಲ್ಪ ಹೊತ್ತು ಮಂಪರಾಗಿಸಿ ಕೆಲಸ ಮಾಡುತ್ತಾರೆ. ಹಿಡಿಯುವವರಿಗೂ ಹಾವಿಗೂ ಅದರಿಂದ ಒಳ್ಳೆಯದು.

ಇನ್ನೊಂದು ದಾರಿ ತಮಿಳುನಾಡಿನ ಇರುಳ ಬುಡಕಟ್ಟಿನವರದ್ದು. ಒಂದು ಕಾಲದಲ್ಲಿ ಹಾವಿನ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿದು ಬದುಕುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. ಜಾಡು ನೋಡಿ ಬಿಲ ಹುಡುಕುವ ಅವರ ವಿದ್ಯೆ ಹಾಗೇ ಕಳೆದುಹೋಗುತ್ತಿತ್ತು. ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರ ಬೆಂಬಲದಿಂದ 1978ರಲ್ಲಿ ಇರುಳರದ್ದೇ ಒಂದು ಸಹಕಾರ ಸಂಘ ಶುರುವಾಯಿತು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಅದರ ಕೇಂದ್ರ ಇದೆ. ಅಲ್ಲಿ ಹಾವುಗಳನ್ನು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ಒಂದು ಹಾವನ್ನು 21 ದಿನ ಇಟ್ಟುಕೊಂಡು, ನಾಲ್ಕು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಬಿಡುವ ಮುಂಚೆ ಹೊಟ್ಟೆಯ ಕೆಳಗಿನ ಹುರುಪೆಯಲ್ಲಿ ಒಂದು ಸಣ್ಣ ಗುರುತು ಕತ್ತರಿಸುತ್ತಾರೆ. ಅದೇ ಹಾವು ಬೇಗನೆ ಮತ್ತೆ ಸಿಕ್ಕರೆ ಗೊತ್ತಾಗುತ್ತದೆ, ಬಿಟ್ಟುಬಿಡುತ್ತಾರೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನಗೆ ನನ್ನ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು.

ತೆಗೆದ ವಿಷ ಹಾಗೇ ಇಟ್ಟರೆ ಕೆಡುತ್ತದೆ. ಅದರಲ್ಲಿರುವುದು ಬಹುಪಾಲು ಪ್ರೋಟೀನ್. ಬಾಯಿಯಿಂದ ಬಂದ ಕಣಗಳೂ ಬ್ಯಾಕ್ಟೀರಿಯಾಗಳೂ ಸೇರಿರುತ್ತವೆ. ಅದಕ್ಕೇ ತಕ್ಷಣ ತಣ್ಣಗೆ ಮಾಡಿ, ಯಂತ್ರದಲ್ಲಿ ತಿರುಗಿಸಿ ಕಸ ಬೇರೆ ಮಾಡಿ, ಹೆಪ್ಪುಗಟ್ಟಿಸಿ, ಆ ಸ್ಥಿತಿಯಲ್ಲೇ ನೀರನ್ನು ಹೀರಿ ಒಣಗಿಸುತ್ತಾರೆ. ಉಳಿಯುವುದು ಹರಳು ಹರಳಾದ ಪುಡಿ. ಹೆಚ್ಚಿನ ವಿಷ ಹಳದಿ ಬಣ್ಣದ್ದು, ಅದರಲ್ಲಿರುವ ಒಂದು ಕಿಣ್ವದಿಂದ ಆ ಬಣ್ಣ ಬರುತ್ತದೆ. ಹೀಗೆ ಒಣಗಿದ ವಿಷ ತಣ್ಣಗಿನ ಕತ್ತಲಲ್ಲಿ ವರ್ಷಗಟ್ಟಲೆ ಇರುತ್ತದೆ.

ಎಷ್ಟು ಸಿಗುತ್ತದೆ ಅಂತ ಕೇಳಿದರೆ ಜನ ನಂಬುವುದಿಲ್ಲ. ಒಳ್ಳೆಯ ನಾಗರಹಾವು ಒಣಗಿದ ಲೆಕ್ಕದಲ್ಲಿ 100 ಮಿಲಿಗ್ರಾಂ ದಾಟಬಹುದು. ಕಟ್ಟು ಹಾವಿನಿಂದ ಬರುವುದು ಕೆಲವೇ ಮಿಲಿಗ್ರಾಂ. ಒಂದು ಗ್ರಾಂ ಕಟ್ಟು ಹಾವಿನ ವಿಷ ಕೂಡಿಸಬೇಕಾದರೆ ಎಷ್ಟು ಸಲ ಜೀವವನ್ನು ಅಪಾಯಕ್ಕೆ ಒಡ್ಡಬೇಕು, ನೀವೇ ಲೆಕ್ಕ ಹಾಕಿ.

ಕಚ್ಚಿಸಿಕೊಳ್ಳುವ ಅಪಾಯ ಎಲ್ಲರಿಗೂ ಕಾಣುತ್ತದೆ. ಪುಡಿಯ ಅಪಾಯ ಕಾಣುವುದಿಲ್ಲ. ಒಣಗಿದ ವಿಷ ಗಾಳಿಗೆ ಏಳುತ್ತದೆ. ಉಸಿರಿನಲ್ಲಿ ಒಳಗೆ ಹೋದರೆ ಮೈ ಅದರ ಗುರುತು ಇಟ್ಟುಕೊಳ್ಳುತ್ತದೆ, ವರ್ಷಗಳಾದ ಮೇಲೆ ಅಲರ್ಜಿಯಾಗಿ ತಿರುಗುತ್ತದೆ. ನನಗೆ ಮೊದಮೊದಲು ಸೀನು, ಕಣ್ಣಲ್ಲಿ ನೀರು. ನೆಗಡಿ ಅಂದುಕೊಂಡೆ. ಹನ್ನೊಂದನೇ ವರ್ಷ ಒಂದು ದಿನ ಬಾಟಲಿ ಮುಚ್ಚಳ ತೆಗೆದ ಐದು ನಿಮಿಷದಲ್ಲಿ ಗಂಟಲು ಬಿಗಿಯಿತು. ಪಕ್ಕದಲ್ಲಿದ್ದವರು ಅಡ್ರಿನಲಿನ್ ಚುಚ್ಚಿದ್ದರಿಂದ ಉಳಿದೆ. ಅದಾದ ಮೇಲೆ ಕೆಲಸ ಬಿಡಬೇಕಾಯಿತು. ಈ ಕೆಲಸಕ್ಕೆ ಬರುವ ಹುಡುಗರಿಗೆ ಮಾಸ್ಕ್ ಮತ್ತು ಗಾಳಿ ಎಳೆಯುವ ಕ್ಯಾಬಿನೆಟ್ ಬಗ್ಗೆ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಆಮೇಲಿನದು ಕುದುರೆಯ ಪಾಲು. ಹಾನಿಯಾಗದಷ್ಟು ಸಣ್ಣ ಪ್ರಮಾಣದಿಂದ ಶುರುಮಾಡಿ, ವಾರಗಟ್ಟಲೆ ನಿಧಾನವಾಗಿ ಹೆಚ್ಚಿಸುತ್ತಾ ವಿಷ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷಕ್ಕೆ ಎದುರಾಗಿ ಪ್ರತಿಕಾಯಗಳು, ಅಂದರೆ ವಿಷವನ್ನು ತಡೆಯುವ ಪ್ರೋಟೀನ್‌ಗಳು ಹುಟ್ಟುತ್ತವೆ. ರಕ್ತ ತೆಗೆದು, ಅದರ ದ್ರವ ಭಾಗವಾದ ಪ್ಲಾಸ್ಮಾ ಬೇರೆ ಮಾಡಿ, ಒಳ್ಳೆಯ ಕಡೆಗಳಲ್ಲಿ ಕೆಂಪು ಕಣಗಳನ್ನು ಕುದುರೆಗೇ ವಾಪಸ್ ಕೊಡುತ್ತಾರೆ. ಪ್ಲಾಸ್ಮಾದಿಂದ ಪ್ರತಿಕಾಯ ಬೇರ್ಪಡಿಸಿ ಶುದ್ಧ ಮಾಡಿದರೆ ಅದೇ ಆ್ಯಂಟಿವೆನಮ್. ಹಾವಿಗೆ ನೋವಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಕುದುರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಚುಚ್ಚಿದ ಜಾಗ ಊದಿಕೊಳ್ಳುತ್ತದೆ, ಕೆಲವಕ್ಕೆ ಹುಣ್ಣಾಗುತ್ತದೆ. ಅವನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಮೇಲಿನ ಸಾಲ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ ಶುರುವಾಗುತ್ತದೆ. ಕುದುರೆಗೆ ಯಾವ ವಿಷ ತೋರಿಸಿದೆವೋ ಅದು ಮಾತ್ರ ಔಷಧಿಗೆ ಗೊತ್ತು. ತೋರಿಸದೇ ಇದ್ದದ್ದು ಗೊತ್ತಿಲ್ಲ. ಇಷ್ಟು ಸರಳ.

ಆದರೆ ಇದು ತಿಳಿಯಲು ಜೀವಗಳು ಹೋಗಿವೆ. ಫ್ರಾನ್ಸ್‌ನ ಆಲ್ಬರ್ಟ್ ಕಾಲ್ಮೆಟ್ ಮೊದಲ ಔಷಧಿಗಳಲ್ಲಿ ಒಂದನ್ನು 1895ರ ಹೊತ್ತಿಗೆ ಮಾಡಿದರು, ನಾಗರಹಾವಿನ ವಿಷದಿಂದ. ಅದು ಎಲ್ಲ ಹಾವಿಗೂ ನಡೆಯುತ್ತದೆ ಅಂತ ಅವರು ನಂಬಿದ್ದರು. ಬ್ರೆಜಿಲ್‌ನ ವೈದ್ಯ ವಿಟಾಲ್ ಬ್ರೆಜಿಲ್ ಅದನ್ನು ತಮ್ಮ ದೇಶದ ಹಾವುಗಳ ವಿಷದ ಮೇಲೆ ಪರೀಕ್ಷಿಸಿದರು, ಕೆಲಸ ಮಾಡಲಿಲ್ಲ. ಅಲ್ಲಿಯ ಹಾವಿಗೆ ಅಲ್ಲಿಯ ಹಾವಿನ ವಿಷದಿಂದಲೇ ಔಷಧಿ ಆಗಬೇಕು ಅಂತ ತೋರಿಸಿಕೊಟ್ಟರು. 1901ರಲ್ಲಿ ಶುರುವಾದ ಬುಟಾಂಟಾನ್ ಸಂಸ್ಥೆಯ ಮೊದಲ ಮುಖ್ಯಸ್ಥರು ಅವರೇ. ಅವರು ಮಾಡಿದ ಒಂದು ಏರ್ಪಾಡು ನನಗೆ ತುಂಬಾ ಇಷ್ಟ. ರೈತರು ಮರದ ಪೆಟ್ಟಿಗೆಯಲ್ಲಿ ಹಾವು ತುಂಬಿ ರೈಲಿನಲ್ಲಿ ಕಳಿಸುತ್ತಿದ್ದರು, ಬದಲಿಗೆ ಅವರಿಗೆ ಔಷಧಿ ಹೋಗುತ್ತಿತ್ತು. ಹಾವು ಕೊಟ್ಟ ಊರಿಗೇ ಆ ಹಾವಿನ ಔಷಧಿ!

ಆಸ್ಟ್ರೇಲಿಯಾದ ಕೆವಿನ್ ಬಡ್ಡನ್ ನೆನಪಾದರೆ ಈಗಲೂ ಎದೆ ಭಾರವಾಗುತ್ತದೆ. ತೈಪಾನ್ ಅನ್ನುವ ಹಾವಿಗೆ ಆಗ ಔಷಧಿ ಇರಲಿಲ್ಲ. ಮಾಡಬೇಕಾದರೆ ಜೀವಂತ ಹಾವಿನ ವಿಷ ಬೇಕಿತ್ತು. 1950ರಲ್ಲಿ ಇಪ್ಪತ್ತು ವರ್ಷದ ಈ ಹುಡುಗ ಒಂದು ತೈಪಾನ್ ಹಿಡಿದ. ಚೀಲಕ್ಕೆ ಹಾಕುವಾಗ ಅದು ಕಚ್ಚಿತು. ಹಾವನ್ನು ಕೊಲ್ಲಬೇಡಿ, ವಿಷ ತೆಗೆಯಲು ಕಳಿಸಿ ಅಂತ ಅವನು ಕೇಳಿಕೊಂಡ. ಮರುದಿನ ತೀರಿಕೊಂಡ. ಹಾವು ಮೆಲ್ಬರ್ನ್ ತಲುಪಿತು, ಅದರ ವಿಷ ತೆಗೆದರು. 1955ರಲ್ಲಿ ತೈಪಾನ್ ಔಷಧಿ ಬಂತು. ಆ ವರ್ಷವೇ ಒಬ್ಬ ಹತ್ತು ವರ್ಷದ ಹುಡುಗನ ಜೀವ ಅದರಿಂದ ಉಳಿಯಿತು.

ಜಾತಿ ಒಂದೇ ಆದರೂ ವಿಷ ಒಂದೇ ಇರುವುದಿಲ್ಲ. ಒಂದು ಕಡೆಯ ಕೊಳಕುಮಂಡಲದ ವಿಷ ರಕ್ತವನ್ನು ಜಾಸ್ತಿ ಕೆಡಿಸಬಹುದು, ಇನ್ನೊಂದು ಕಡೆಯದ್ದು ನರಗಳನ್ನೂ ಹಿಡಿಯಬಹುದು. ಮರಿಯ ವಿಷಕ್ಕೂ ದೊಡ್ಡದರ ವಿಷಕ್ಕೂ ವ್ಯತ್ಯಾಸ ಇರುತ್ತದೆ. ಅದಕ್ಕೇ ಒಂದು ಹಾವು ಸಾಲುವುದಿಲ್ಲ. ಗಂಡು, ಹೆಣ್ಣು, ಚಿಕ್ಕದು, ದೊಡ್ಡದು, ಬೇರೆಬೇರೆ ಪ್ರದೇಶದ್ದು, ಹೀಗೆ ಹತ್ತಾರು ಹಾವುಗಳ ವಿಷ ಸೇರಿಸಬೇಕು. ಭಾರತದ ಔಷಧಿಗೆ ಬಹಳ ಕಾಲದಿಂದ ಹೆಚ್ಚಿನ ವಿಷ ತಮಿಳುನಾಡಿನ ಹಾವುಗಳದ್ದೇ. ಬೇರೆ ಪ್ರದೇಶಗಳ ಕೆಲವು ಹಾವುಗಳ ವಿಷಕ್ಕೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಇರುಳರ ತಪ್ಪಲ್ಲ ಇದು. ಬೇರೆ ಕಡೆಗಳಲ್ಲೂ ಅಂಥ ಕೇಂದ್ರಗಳು ಆಗಬೇಕಿತ್ತು, ಸಾಕಷ್ಟು ಆಗಲಿಲ್ಲ.

ಇದರ ಬೆಲೆ ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ. ಭಾರತದ ಔಷಧಿ ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿಸಿ ಮಾಡಿದ್ದು. ಅದಕ್ಕೇ ಕಚ್ಚಿದ ಹಾವನ್ನು ಹಿಡಿದು ತರುವ ಅಗತ್ಯ ಇಲ್ಲ, ದಯವಿಟ್ಟು ಆ ಸಾಹಸ ಬೇಡ. ಒಂದು ಮಿಲಿಲೀಟರ್ ಔಷಧಿ 0.6 ಮಿಲಿಗ್ರಾಂ ಕೊಳಕುಮಂಡಲದ ವಿಷ ತಡೆಯಬೇಕು ಅಂತ ನಿಯಮ. ಒಂದು ಬಾಟಲಿಯಲ್ಲಿ 10 ಮಿಲಿಲೀಟರ್. ಹತ್ತು ಬಾಟಲಿ ಕೊಟ್ಟರೆ 60 ಮಿಲಿಗ್ರಾಂ ವಿಷಕ್ಕೆ ಸಾಕು. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ ಬಿಡುವುದೂ ಸುಮಾರು 63 ಮಿಲಿಗ್ರಾಂ. ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ. ಕಚ್ಚಿದ ಹಾವಿನ ವಿಷ ಔಷಧಿಗೆ ಪರಿಚಯ ಇಲ್ಲದ್ದಾದರೆ ಈ ಲೆಕ್ಕವೇ ತಪ್ಪುತ್ತದೆ. ವೈದ್ಯರು ಬಾಟಲಿ ಮೇಲೆ ಬಾಟಲಿ ಏರಿಸುತ್ತಾ ಕಾಯಬೇಕಾಗುತ್ತದೆ.

ನನ್ನ ಒಂದು ತಪ್ಪು ಹೇಳುತ್ತೇನೆ. ತೂಗುವ ಕೋಣೆಗೆ ಹೋದ ಎರಡನೇ ವರ್ಷ. ಪ್ರತಿ ಬಾಟಲಿಯ ಲೇಬಲ್ ಮೇಲೆ ಹಾವಿನ ಜಾತಿ, ತೆಗೆದ ದಿನ, ಬ್ಯಾಚ್ ನಂಬರ್, ಹಾವು ಸಿಕ್ಕ ಜಾಗ ಬರೆಯಬೇಕು. ಒಂದು ಬಾಟಲಿಗೆ ಜಾಗ ಬರೆಯದೇ ಬಿಟ್ಟೆ. ನಾಳೆ ಪುಸ್ತಕ ನೋಡಿ ಬರೆದರಾಯಿತು ಅಂದುಕೊಂಡೆ. ಪುಸ್ತಕದಲ್ಲೂ ಆ ಸಾಲು ಖಾಲಿ ಇತ್ತು. ಮೂವತ್ತಕ್ಕೂ ಹೆಚ್ಚು ಕೊಳಕುಮಂಡಲಗಳ ವಿಷ ಅದು. ಯಾವ ಕಡೆಯ ಹಾವು ಅಂತ ಗೊತ್ತಿಲ್ಲದ ವಿಷವನ್ನು ಔಷಧಿಗೆ ಸೇರಿಸುವಂತಿಲ್ಲ. ಹಿರಿಯರು ಬಯ್ಯಲಿಲ್ಲ. ಬಾಟಲಿಯನ್ನು ಪಕ್ಕಕ್ಕೆ ಇಟ್ಟು, ತೆಗೆದವರ ಹೆಸರುಗಳನ್ನು ಒಂದೊಂದಾಗಿ ನನ್ನಿಂದ ಓದಿಸಿದರು. ಅವರೆಲ್ಲ ನನಗೆ ಗೊತ್ತಿದ್ದವರೇ. ಅವತ್ತಿನಿಂದ ಮೊದಲು ಜಾಗ ಬರೆದು, ಆಮೇಲೆ ಮಿಕ್ಕಿದ್ದು ಬರೆಯುತ್ತಿದ್ದೆ.

ಕೊನೆಯದು, ಲ್ಯಾಬಿನಲ್ಲೇ ವಿಷ ಮಾಡಬಾರದಾ ಅನ್ನುವ ಪ್ರಶ್ನೆ. ವಿಷ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನ್‌ಗಳ ಮಿಶ್ರಣ. ಒಂದೆರಡನ್ನು ಲ್ಯಾಬಿನಲ್ಲಿ ಮಾಡಬಹುದು. ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಬೆರೆಸುವುದು ಕಷ್ಟ. ಹೊಸ ದಾರಿಗಳು ಬರುತ್ತಿವೆ, ಅದು ನನಗೆ ಸಂತೋಷ. 2025ರಲ್ಲಿ ಸೆಲ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ವರ್ಷಗಟ್ಟಲೆ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡಿದ್ದ ಒಬ್ಬ ಮನುಷ್ಯನ ರಕ್ತದಿಂದ ಎರಡು ಪ್ರತಿಕಾಯಗಳನ್ನು ಹುಡುಕಿ ತೆಗೆದಿದ್ದರು. ಜೊತೆಗೆ ಒಂದು ಔಷಧಿ ಸೇರಿಸಿ ಇಲಿಗಳ ಮೇಲೆ ಪರೀಕ್ಷಿಸಿದರು. ನಾಗರಹಾವಿನ ಕುಟುಂಬದ 19 ಜಾತಿಯ ಹಾವುಗಳ ಪೈಕಿ 13ರ ವಿಷದಿಂದ ಇಲಿಗಳು ಪೂರ್ತಿ ಉಳಿದವು, ಮಿಕ್ಕವುಗಳ ವಿಷಕ್ಕೆ ಸ್ವಲ್ಪ ರಕ್ಷಣೆ ಸಿಕ್ಕಿತು. ಮಂಡಲದ ಹಾವುಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಆ ಮನುಷ್ಯ ಮಾಡಿದ್ದನ್ನು ಯಾರೂ ಮಾಡಬೇಡಿ. ಆದರೆ ಕುದುರೆಯಿಲ್ಲದೆ ಔಷಧಿ ಮಾಡುವ ದಿನ ಬರಬಹುದು ಅನ್ನಿಸುತ್ತದೆ.

ಆ ದಿನ ಬಂದರೂ ಹೊಸ ಔಷಧಿ ಕೆಲಸ ಮಾಡುತ್ತದಾ ಅಂತ ಪರೀಕ್ಷಿಸಲು ಆಯಾ ಪ್ರದೇಶದ ಹಾವಿನ ಅಸಲಿ ವಿಷ ಬೇಕು. ಆ 19 ಹಾವುಗಳ ವಿಷವನ್ನೂ ಯಾರೋ ಒಬ್ಬರು ಬಟ್ಟಲು ಹಿಡಿದು ನಿಂತು ತೆಗೆದಿದ್ದರು, ಇನ್ನೊಬ್ಬರು ಲೇಬಲ್ ಬರೆದಿದ್ದರು.